ಮೊದಲ ಬೆರಳು

"ಕಾಲ್ ಎತ್ತೇ ಮುಂಡೇದೇ. ಧಣಿ ಮುಟ್ಟೂ ಕಾಲ್ ಅದ್. ಹಿಮ್ಮಡಿ ತೋರ್ಸ್."

ಮೇಸ್ತ್ರಿ ಗುಣಪಾಲ ಇದನ್ನು ಹೇಳಿದ್ದು ನನ್ನ ಅಮ್ಮನಿಗೆ. ಅಮ್ಮ ಸೀರೆಯನ್ನು ಕಾಲಗಂಟಿನವರೆಗೆ ಎತ್ತಿ ಬಲಗಾಲನ್ನು ಬೆಂಚಿನ ಮೇಲಿಟ್ಟಳು. ಗುಣಪಾಲ ಕೈಯಲ್ಲಿದ್ದ ಮರದ ಸ್ಕೇಲಿನ ತುದಿಯಿಂದ ಹಿಮ್ಮಡಿಯ ಬಿರುಕನ್ನು ಒತ್ತಿ ನೋಡಿದ. ನಾನು ಅವನ ಪಕ್ಕದಲ್ಲಿ ಪ್ಯಾಡು ಹಿಡಿದು ನಿಂತಿದ್ದೆ. ಪ್ಯಾಡಿನ ಹಾಳೆಯಲ್ಲಿ ಹನ್ನೆರಡು ಗೆರೆ ಎಳೆದಿದ್ದೆ. ಆರು ಹೆಸರು ತುಂಬಿತ್ತು.

"ಬಿರ್ಕ್ ಇತ್ತ್. ಅಡ್ಡಿಲ್ಲೆ, ಎರ್ಡ್ ದಿನ ಕಲ್ಲಂಗೆ ಉಜ್ಜು. ಬರ್ಕೊ ವಿನಯಾ, ವನಜ."

ನಾನು ಅಮ್ಮನ ಹೆಸರನ್ನು ಏಳನೆಯ ಗೆರೆಯ ಮೇಲೆ ಬರೆದೆ. ಅಮ್ಮ ನನ್ನ ಕಡೆ ನೋಡಲಿಲ್ಲ. ಕಾಲು ಇಳಿಸಿ, ಸೀರೆ ಸರಿಮಾಡಿಕೊಂಡು, ತನ್ನ ಮೇಜಿಗೆ ಹೋಗಿ ಕುಳಿತಳು. ಬೇಯಿಸಿದ ಗೇರುಬೀಜವನ್ನು ಎರಡು ಅಲಗಿನ ನಡುವೆ ಇಟ್ಟು, ಅದೇ ಕಾಲಿನಿಂದ ಕೆಳಗಿನ ಪಟ್ಟಿಯನ್ನು ಒತ್ತಿದಳು. ಬೀಜ ಟಕ್ ಎಂದು ಒಡೆಯಿತು.

ಕಾರ್ಮಿನ್ ಬಾಯಿಯ ಹೆಸರು ಪಟ್ಟಿಯಲ್ಲಿ ಮೊದಲನೆಯದಾಗಿ ಸೇರಿತ್ತು. ನಮ್ಮಲ್ಲಿ ಕ್ರಿಸ್ತುವರ ಮನೆಯಿಂದ ಬರುವವಳು ಅವಳೊಬ್ಬಳೇ. ಅರವತ್ತು ದಾಟಿದೆ. ಗುಣಪಾಲ ಆಚೆ ಸಾಲಿಗೆ ಹೋದ ಮೇಲೆ ಮೆಲ್ಲನೆ ಹೇಳಿದಳು, "ನನ್ನ ಮದಿ ಹೊತ್ತಿಗೂ ಗಂಡಿನ ಕಡೆಯರ್ ಇಷ್ಟ್ ಕಾಲ್ ಕಾಣ್ಲಿಲ್ಲೆ ಮಾರಾಯ್ತಿ." ಸುತ್ತಲಿನ ನಾಲ್ಕು ಜನ ತಲೆ ತಗ್ಗಿಸಿ ನಕ್ಕರು. ಅಮ್ಮ ನಗಲಿಲ್ಲ.

ಅದು ಮಂಗಳವಾರ. ಗುರುವಾರ ಹನ್ನೊಂದು ಗಂಟೆಗೆ ಗಿಲ್ಬರ್ಟ್ ಸರ್ ತಮ್ಮ ಫ್ಯಾಕ್ಟರಿಯ ಹನ್ನೆರಡು ಹೆಂಗಸರ ಕಾಲು ತೊಳೆಯುವವರಿದ್ದರು. ಅದಕ್ಕೆ ಕಾಲು ತೊಳೆದುಕೊಂಡು ಬರಬೇಕೆಂದು ಮೇಸ್ತ್ರಿಯ ಅಪ್ಪಣೆಯಾಗಿತ್ತು.

*

ಫ್ಯಾಕ್ಟರಿ ಇರುವುದು ಹಾಲಾಡಿಗೆ ಹೋಗುವ ರಸ್ತೆಯ ಬದಿಯಲ್ಲಿ. ಬೀಜ ಒಡೆಯುವ ಕಟ್ಟಿಂಗ್ ಶೆಡ್ಡಿನಲ್ಲಿ ಅರವತ್ತು ಹೆಂಗಸರು. ನಾನು ಮತ್ತು ಅಮ್ಮ ಕೋಡಿಯಿಂದ ಬೆಳಿಗ್ಗೆ ಆರೂವರೆಯ ಬಸ್ಸು ಹಿಡಿದು, ಕುಂದಾಪುರದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತುತ್ತೇವೆ. ಅಮ್ಮ ಶೆಡ್ಡಿಗೆ ಹೋಗುತ್ತಾಳೆ, ನಾನು ಆಫೀಸಿಗೆ. ಬಿ.ಎ. ಮುಗಿಸಿದ್ದಕ್ಕೆ ನನಗೆ ಕುರ್ಚಿ, ಫ್ಯಾನು, ಕಂಪ್ಯೂಟರು ಸಿಕ್ಕಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚಲು ನಾನು ಶೆಡ್ಡಿಗೆ ಹೋದಾಗ ಮಾತು ಒಂದು ಗಳಿಗೆ ನಿಲ್ಲುತ್ತಿತ್ತು. ಆಮೇಲೆ ಬೇರೆ ಮಾತು ಶುರುವಾಗುತ್ತಿತ್ತು. ಅಮ್ಮನೂ ಆ ನಿಲ್ಲುವಿಕೆಯಲ್ಲಿ ಸೇರಿದ್ದಳು.

ಗೇರುಬೀಜದ ಸಿಪ್ಪೆಯಲ್ಲಿ ಸೊನೆ ಇರುತ್ತದೆ. ಕಪ್ಪು, ದಪ್ಪ, ಎಣ್ಣೆಯಂಥದು. ಮೈಗೆ ತಾಗಿದರೆ ಆಗ ಏನೂ ಆಗುವುದಿಲ್ಲ. ಮಾರನೆಯ ದಿನ ಚರ್ಮ ಬೊಬ್ಬೆ ಬಂದು ಏಳುತ್ತದೆ. ಹಾಗಾಗಿ ಹೆಂಗಸರು ಕೆಲಸಕ್ಕೆ ಮೊದಲು ಕೈಗೆ ತೆಂಗಿನೆಣ್ಣೆ ಹಚ್ಚಿ ಬೂದಿ ಮೆತ್ತಿಕೊಳ್ಳುತ್ತಾರೆ. ಕೆಲಸ ಬಿಡುವಾಗ ಮತ್ತೆ ಎಣ್ಣೆ, ಮತ್ತೆ ಬೂದಿ, ಒಣಬಟ್ಟೆಯಲ್ಲಿ ಒರಸುವುದು, ಕೊನೆಗೆ ಸೋಪು. ನೀರನ್ನು ಮೊದಲು ಮುಟ್ಟುವ ಹಾಗಿಲ್ಲ. ನೀರು ಸೊನೆಯನ್ನು ತೊಳೆಯುವುದಿಲ್ಲ, ಹರಡುತ್ತದೆ. ಇದು ಶೆಡ್ಡಿಗೆ ಬಂದ ಹೊಸ ಹುಡುಗಿ ಮೊದಲ ದಿನವೇ ಕಲಿಯುವ ಪಾಠ. ಎಷ್ಟು ಜಾಗ್ರತೆ ಮಾಡಿದರೂ ಹತ್ತು ವರ್ಷದಲ್ಲಿ ಬೆರಳ ತುದಿ ನಯವಾಗುತ್ತದೆ. ಗೆರೆಗಳು ಹೋಗುತ್ತವೆ. ಅಮ್ಮನ ಹೆಬ್ಬೆರಳು ಹೊಳೆಯಲ್ಲಿ ಸಿಗುವ ಕರಿಕಲ್ಲಿನ ಹಾಗಿದೆ.

ಗಿಲ್ಬರ್ಟ್ ಲೂವಿಸರ ತಂದೆ ಕಟ್ಟಿದ ಫ್ಯಾಕ್ಟರಿ ಇದು. ತಂದೆ ತೀರಿಕೊಂಡ ಮೇಲೆ, ಹೋದ ವರ್ಷ, ಮಗ ಮುಂಬಯಿಯಿಂದ ಬಂದರು. ಬಂದ ಮೊದಲ ದಿನವೇ ಶೆಡ್ಡಿನವರನ್ನೆಲ್ಲ ನಿಲ್ಲಿಸಿ, ನನ್ನನ್ನು ಧಣಿ ಅನ್ನಬೇಡಿ, ನಾನು ನಿಮ್ಮ ಸೇವಕ ಅಂದರು. ಅವತ್ತಿನಿಂದ ಶೆಡ್ಡಿನಲ್ಲಿ ಅವರ ಹೆಸರು 'ಸೇವಕ್ರ್' ಅಂತಾಯಿತು. ಸೇವಕ್ರ್ ಬಂದ್ರಾ, ಸೇವಕ್ರ ಕಾರ್ ನಿಂತಿತಾ ಅಂತ ಕೇಳಿಕೊಳ್ಳುತ್ತಿದ್ದರು.

ಅವರಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನನಗೊಂದು ಕನ್ನಡ ಬೈಬಲ್ ಕೊಟ್ಟರು. ಒಳ್ಳೆಯ ನಾಯಕ ಹೇಗಿರಬೇಕು ಅನ್ನುವುದೆಲ್ಲ ಇದರಲ್ಲಿದೆ, ಕಂಪೆನಿ ನಡೆಸಲು ಬೇರೆ ಪುಸ್ತಕ ಬೇಡ ಅಂದರು. ತಿಂಗಳಿಗೊಂದು ಚೀಟಿ ಬರುತ್ತಿತ್ತು, ಅದರಲ್ಲಿ ಅಧ್ಯಾಯ ಮತ್ತು ವಾಕ್ಯದ ಸಂಖ್ಯೆ. ನಾನು ಹುಡುಕಿ, ದೊಡ್ಡಕ್ಷರದಲ್ಲಿ ಟೈಪ್ ಮಾಡಿ, ಬೋರ್ಡು ಮಾಡಿಸಬೇಕು. ದೊಡ್ಡವನಾಗಬೇಕೆನ್ನುವವನು ಎಲ್ಲರ ಆಳಾಗಲಿ ಎಂಬುದು ಗೇಟಿನ ಹತ್ತಿರ ಬಂತು. ಒಳ್ಳೆಯ ಕುರುಬ ತನ್ನ ಕುರಿಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಾನೆ ಎಂಬುದು ಶೆಡ್ಡಿನ ಬಾಗಿಲ ಮೇಲೆ. ಹಿರಿಯರು ದಬ್ಬಾಳಿಕೆ ಮಾಡದೆ ತಾವೇ ಮಾದರಿಯಾಗಬೇಕು ಎಂಬುದು ಹಾಜರಿ ಯಂತ್ರದ ಮೇಲ್ಗಡೆ.

ನಾನು ಚೀಟಿಯಲ್ಲಿದ್ದುದಕ್ಕಿಂತ ಇಲ್ಲದ್ದನ್ನು ಹೆಚ್ಚು ಓದಿದೆ. ಯೆಹೆಜ್ಕೇಲ ಎಂಬ ಪ್ರವಾದಿ ಕುರುಬರಿಗೆ ಬೈಯುವ ಒಂದು ಜಾಗವಿದೆ. ಕೊಬ್ಬಿದ್ದನ್ನು ಕೊಯ್ದು ತಿಂದಿರಿ, ಉಣ್ಣೆ ಹೊದ್ದಿರಿ, ಕಾಲು ಮುರಿದದ್ದಕ್ಕೆ ಪಟ್ಟಿ ಕಟ್ಟಲಿಲ್ಲ, ತಪ್ಪಿಸಿಕೊಂಡದ್ದನ್ನು ಹುಡುಕಲಿಲ್ಲ ಅನ್ನುತ್ತಾನೆ. ಆ ಬೈಗುಳ ಗುಣಪಾಲನ ಬೈಗುಳಕ್ಕಿಂತ ಗಟ್ಟಿಯಾಗಿತ್ತು. ಅದರ ಸಂಖ್ಯೆ ಯಾವ ಚೀಟಿಯಲ್ಲೂ ಬರಲಿಲ್ಲ. ನಾನು ಆ ಪುಟಕ್ಕೆ ಬಸ್ ಟಿಕೆಟ್ಟು ಇಟ್ಟು ಮುಚ್ಚಿದೆ.

ಗಿಲ್ಬರ್ಟ್ ಸರ್ ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಕೂಗುತ್ತಿರಲಿಲ್ಲ. ಕೂಗುವುದಕ್ಕೆ ಗುಣಪಾಲನಿದ್ದ.

*

ಬೆರಳೊತ್ತುವ ಯಂತ್ರ ಆಗಸ್ಟಿನಲ್ಲಿ ಬಂತು. ಅಲ್ಲಿಯವರೆಗೆ ಪುಸ್ತಕದಲ್ಲಿ ಹಾಜರಿ ಇತ್ತು. ಯಂತ್ರ ಬಂದ ದಿನ ಗಿಲ್ಬರ್ಟ್ ಸರ್ ಒಂದು ನಿಯಮ ಮಾಡಿದರು. ಪ್ರತಿದಿನ ಮೊದಲ ಬೆರಳು ತಮ್ಮದು. ನಾಯಕನೇ ಮೊದಲು ಕೆಲಸಕ್ಕೆ ಬರಬೇಕು, ಅವನ ನಂತರ ಉಳಿದವರು. ಅವರು ಊರಲ್ಲಿಲ್ಲದ ದಿನ ಮೇಸ್ತ್ರಿಯ ಬೆರಳು ಮೊದಲು. ಯಾರೂ ಇದನ್ನು ಮೀರುವ ಹಾಗಿಲ್ಲ. ಒಂದು ದಿನ ಅವರ ಕಾರು ದಾರಿಯಲ್ಲಿ ಕೆಟ್ಟು ನಿಂತು ಬರುವಾಗ ಮುಕ್ಕಾಲು ಗಂಟೆ ತಡವಾಯಿತು. ಎಲ್ಲರೂ ಬಿಸಿಲಲ್ಲಿ ಸಾಲು ನಿಂತಿದ್ದರು. ಆಮೇಲೆ ಅಷ್ಟೂ ಜನರಿಗೆ ತಡ ಎಂದೇ ದಾಖಲಾಯಿತು. ಯಂತ್ರಕ್ಕೆ ಕಾರಣ ಗೊತ್ತಾಗುವುದಿಲ್ಲವಲ್ಲ ಅಂದ ಗುಣಪಾಲ.

ಬೆರಳಿನ ಗುರುತು ಹಿಡಿಯದಿದ್ದರೆ ಯಂತ್ರದೊಳಗಿನ ಹೆಂಗಸು "ಪ್ಲೀಸ್ ಟ್ರೈ ಎಗೇನ್" ಅನ್ನುತ್ತಾಳೆ. ಶೆಡ್ಡಿನವರು ಅವಳಿಗೆ ಎಗೇನಮ್ಮ ಎಂದು ಹೆಸರಿಟ್ಟರು. ಇವತ್ ಎಗೇನಮ್ಮ ಹ್ಯಾಂಗಿತ್, ಸಿಟ್ಟಂಗಿತ್ತಾ ಅಂತ ಬಸ್ಸಿನಲ್ಲೇ ಕೇಳುತ್ತಿದ್ದರು. ಬೆರಳನ್ನು ಲಿಂಬೆಯಲ್ಲಿ ಉಜ್ಜಿ ಬರುತ್ತಿದ್ದರು, ಸೆರಗಿಗೆ ಒರಸಿ ಒತ್ತುತ್ತಿದ್ದರು, ಬಾಯಿಂದ ಊದುತ್ತಿದ್ದರು. ಹತ್ತು ಸಲ ಆದ ಮೇಲೆ ಗುಣಪಾಲ ಮುಂದೆ ತಳ್ಳುತ್ತಿದ್ದ. ಆ ದಿನ ಅವಳು ಇಡೀ ದಿನ ಬೀಜ ಒಡೆದರೂ ಗೈರು. ಮೂರು ತಿಂಗಳಲ್ಲಿ ಹತ್ತು ಗೈರು ದಾಟಿದರೆ ಹೆಸರು ತೆಗೆಯುವುದು.

ಯಾರ ಬೆರಳು ಹೆಚ್ಚು ಸವೆದಿದೆಯೋ ಅವರದೇ ಹೆಚ್ಚು ವರ್ಷದ ಸೇವೆ. ಇದನ್ನು ಮೊದಲು ಗಮನಿಸಿದ್ದು ಅಮ್ಮ. ಹಳಬರನ್ನು ಒಬ್ಬೊಬ್ಬರಾಗಿ ಹೊರಗೆ ಹಾಕಲೆಂದೇ ಯಂತ್ರ ತಂದಿದ್ದಾರೋ, ತಂದ ಮೇಲೆ ಹಾಗಾಯಿತೋ ನನಗೆ ಇವತ್ತಿಗೂ ತಿಳಿದಿಲ್ಲ.

ಮೊದಲು ಹೋದದ್ದು ಕುಂಭಾಶಿಯ ಸರಸಕ್ಕ. ಹತ್ತೊಂಬತ್ತು ವರ್ಷ ಅಮ್ಮನ ಪಕ್ಕದ ಮೇಜಿನಲ್ಲಿ ಕುಳಿತವಳು. ಮಾರ್ಚಿನ ಒಂದು ಬೆಳಿಗ್ಗೆ ಆಫೀಸಿನ ಕಿಟಕಿಯ ಹತ್ತಿರ ಬಂದು ನಿಂತಳು.

"ವಿನಯಾ, ಮಗಾ, ನಾ ದಿನಾ ಬಂದಿದೆ ಅಲ್ದಾ. ನೀನೇ ಕಂಡಿದೆ. ಯಂತ್ರಕ್ಕ್ ಕಾಂತಿಲ್ದಿರೆ ನೀನ್ ಕೈಯಂಗೆ ಬರಿ ಮಗಾ."

ಗುಣಪಾಲ ನನ್ನ ಕುರ್ಚಿಯ ಹಿಂದೆ ನಿಂತು ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತಿದ್ದ.

"ಈ ಮೆಷಿನಂಗೆ ಕೈಯಂಗೆ ಹಾಕುಕ್ ಆತಿಲ್ಲೆ, ಸರಸಕ್ಕ," ಅಂದೆ.

ಅದು ಸುಳ್ಳು. ಬೆರಳಿಲ್ಲದೆ, ಕೈಯಿಂದಲೇ ಹಾಜರಿ ಹಾಕಲು ಕಂಪ್ಯೂಟರಿನಲ್ಲಿ ಜಾಗವಿದೆ. ಪಾಸ್‌ವರ್ಡ್ ಬೇಕು. ಅದು ನನಗೂ ಗುಣಪಾಲನಿಗೂ ಗೊತ್ತು. ಅವನು ಹಾಲಾಡಿ ಪೇಟೆಯಲ್ಲಿ ಕುಳಿತು ತಡಮಾಡಿದ ದಿನಗಳಲ್ಲಿ ಅವನ ಹಾಜರಿಯನ್ನು ನಾನೇ ಹಾಗೆ ಹಾಕಿದ್ದೆ. ಅದು ಇಲ್ಲವೆಂದೇ ಹೇಳಬೇಕೆಂದು ಅವನು ಮೊದಲ ವಾರವೇ ತಿಳಿಸಿದ್ದ. ಸರಸಕ್ಕ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಓದಿದ ಹುಡುಗಿ ಹೇಳಿದ ಮೇಲೆ ಇರಬಹುದು ಎಂಬಂತೆ ತಲೆಯಾಡಿಸಿದಳು. ನಾನು ಅವಳ ಹೆಸರಿನ ಮೇಲೆ ಬಾಣದ ಗುರುತು ತಂದು ಒಂದು ಸಲ ಒತ್ತಿದೆ. ಸಾಲು ಮೇಲೆ ಸರಿಯಿತು. ಅರವತ್ತೊಂದು ಇದ್ದದ್ದು ಅರವತ್ತಾಯಿತು.

*

ಪ್ರತಿ ಸೋಮವಾರ ಕೆಲಸಕ್ಕೆ ಮೊದಲು ಐದು ನಿಮಿಷ ಗಿಲ್ಬರ್ಟ್ ಸರ್ ಮಾತಾಡುತ್ತಿದ್ದರು. ಸರಸಕ್ಕ ಹೋದ ಮುಂದಿನ ಸೋಮವಾರ ನೂರು ಕುರಿಗಳ ಕಥೆ ಹೇಳಿದರು. ಒಂದು ಕಳೆದುಹೋದರೆ ಕುರುಬ ತೊಂಬತ್ತೊಂಬತ್ತನ್ನು ಅಲ್ಲೇ ಬಿಟ್ಟು ಆ ಒಂದನ್ನು ಹುಡುಕುತ್ತಾ ಹೋಗುತ್ತಾನೆ, ಸಿಕ್ಕಿದಾಗ ಹೆಗಲ ಮೇಲೆ ಹೊತ್ತುಕೊಂಡು ಬರುತ್ತಾನೆ. ನಾಯಕ ಅಂದರೆ ಅವನು. ಹೇಳುವಾಗ ಅವರ ದನಿ ನಿಜವಾಗಿ ಮೆತ್ತಗಾಗಿತ್ತು.

ಮಾತು ಮುಗಿದು ಎಲ್ಲರೂ ಚದರಬೇಕು ಅನ್ನುವಾಗ ಅಮ್ಮ ನಿಂತಲ್ಲಿಂದಲೇ ಹೇಳಿದಳು.

"ಸರ್, ಆ ಒಂದ್ ಕುರಿ ಕುಂಭಾಶಿಯಂಗೆ ಇತ್. ಹುಡ್ಕೂದೇನ್ ಬ್ಯಾಡ, ಅರ್ಧ ಗಂಟಿಗೊಂದ್ ಬಸ್ ಇತ್."

ಯಾರೋ ಕೆಮ್ಮಿದ ಹಾಗೆ ನಕ್ಕರು. ಗುಣಪಾಲನ ಕಿವಿ ಕೆಂಪಾಯಿತು. ಗಿಲ್ಬರ್ಟ್ ಸರ್ ಅಮ್ಮನನ್ನು ನೋಡಿ ನಕ್ಕರು, ಮೇಸ್ತ್ರಿಯ ಹತ್ತಿರ ಕೇಳುತ್ತೇನೆ ಅಂದರು. ಆಫೀಸಿಗೆ ಬಂದು ಕುಳಿತ ಮೇಲೆ ನನ್ನನ್ನು ಕೇಳಿದರು, "ಆ ಹೋದ ಹೆಂಗಸಿನ ಹೆಸರು ಏನು?" ಹೇಳಿದೆ. "ಈಗ ಮಾತಾಡಿದ್ದು?" ಅದನ್ನೂ ಹೇಳಿದೆ. ನನ್ನ ಅಮ್ಮ ಅಂತ ಹೇಳಲಿಲ್ಲ. ಅವರು ಮೇಸ್ತ್ರಿಯನ್ನು ಕರೆದು ಬಾಗಿಲು ಹಾಕಿಕೊಂಡರು. ಹೊರಗೆ ಬಂದ ಗುಣಪಾಲ, ಸಿಸ್ಟಮಿನಲ್ಲಿ ಹೋದದ್ದನ್ನು ತಿರುಗಿ ತರಲು ಆಗುವುದಿಲ್ಲವೆಂದು ಸರ್‌ಗೆ ವಿವರಿಸಿದ್ದೇನೆ ಅಂದ. ಸರ್ ನಂಬಿದರೋ, ನಂಬಿದ ಹಾಗೆ ಮಾಡಿದರೋ.

ಆ ವಾರ ಅಮ್ಮನ ಲೆಕ್ಕಕ್ಕೆ ನಾಲ್ಕು ಗೈರು ಬಿತ್ತು. ಎರಡು ದಿನ ನಾನೇ ಎದುರಿಗಿದ್ದು ನೋಡಿದೆ, ಯಂತ್ರ ಹಿಡಿಯಲಿಲ್ಲ. ಇನ್ನೆರಡು ದಿನ ಹಿಡಿಯಿತು ಎಂದೇ ನನ್ನ ನೆನಪು. ಸಂಜೆ ನೋಡಿದರೆ ಗೈರು ಎಂದಿತ್ತು. ಪಾಸ್‌ವರ್ಡ್ ಇಬ್ಬರಲ್ಲಿತ್ತು. ನಾನು ಮುಟ್ಟಿರಲಿಲ್ಲ.

ಈಸ್ಟರಿನ ಹಿಂದಿನ ಪವಿತ್ರ ವಾರ ಬರುವ ಹೊತ್ತಿಗೆ ಅಮ್ಮನ ಗೈರು ಒಂಬತ್ತಾಗಿತ್ತು. ಇನ್ನೆರಡಾದರೆ ಅವಳ ಹೆಸರಿನ ಮೇಲೆ ಬಾಣ ತರಬೇಕಾದವಳು ನಾನೇ. ಇದು ಅವಳಿಗೆ ಗೊತ್ತಿತ್ತು. ಬಸ್ಸಿನಲ್ಲಿ ಪಕ್ಕಪಕ್ಕ ಕುಳಿತು ಬರುತ್ತಿದ್ದೆವು, ಇಬ್ಬರೂ ಮಾತಾಡುತ್ತಿರಲಿಲ್ಲ.

ಹನ್ನೆರಡು ಜನರ ಪಟ್ಟಿಯಲ್ಲಿ ಅಮ್ಮ ಇರಬೇಕೆಂದು ಹೇಳಿದ್ದು ಗಿಲ್ಬರ್ಟ್ ಸರ್. ಅವತ್ತು ಕುರಿಯ ಮಾತಾಡಿದ ಹೆಂಗಸು ಇರಲಿ ಅಂದಿದ್ದರು. ಯಾಕೆ ಅಂತ ಶೆಡ್ಡಿನಲ್ಲಿ ಎರಡು ದಿನ ಗುಸುಗುಸು ನಡೆಯಿತು. ಕಾಲು ತೊಳೆಸಿಕೊಂಡವಳು ಮತ್ತೆ ಬಾಯಿ ತೆರೆಯುವುದು ಹೇಗೆ ಎಂಬುದು ಕೆಲವರ ಲೆಕ್ಕ. ಅದರ ವಿಡಿಯೋ ತೆಗೆದು ಮುಂಬಯಿಗೆ, ಬೀಜ ಕೊಳ್ಳುವ ಹೊರದೇಶದವರಿಗೆ ಕಳಿಸಲಿಕ್ಕೆ ಎಂಬುದು ಇನ್ನು ಕೆಲವರದು. ಅಮ್ಮ ಬುತ್ತಿಯ ಮುಚ್ಚಳ ತೆಗೆಯುತ್ತಾ, "ಕೊಯ್ಯು ಕೋಳಿಗ್ ನೀರ್ ಹಾಕೂದ್ ಕಾಣ್ಲಿಲ್ಯಾ ನೀವ್," ಅಂದಳು.

ಕಾರ್ಮಿನ್ ಬಾಯಿಗೆ ಮಾತ್ರ ಬೇಸರವಾಯಿತು. ಅವರ ಇಗರ್ಜಿಯಲ್ಲಿ ವರ್ಷವೂ ಈ ಗುರುವಾರ ಪಾದ್ರಿಗಳು ಹನ್ನೆರಡು ಜನರ ಕಾಲು ತೊಳೆಯುತ್ತಾರೆ, ಅದರಲ್ಲಿ ತಮಾಷೆಯಿಲ್ಲ ಅಂದಳು. ಸಾಯುವ ಹಿಂದಿನ ಸಂಜೆ ಯೇಸು ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ನೆಲದ ಮೇಲೆ ಕೂತು ಶಿಷ್ಯರ ಕಾಲು ತೊಳೆದನಂತೆ. ಗುರುವಾದ ನಾನೇ ನಿಮ್ಮ ಕಾಲು ತೊಳೆದೆ, ನೀವೂ ಒಬ್ಬರಿಗೊಬ್ಬರು ಹೀಗೇ ಮಾಡಿ ಅಂದನಂತೆ. "ಪೆದ್ರು ಅಂಬವ ಕಾಲ್ ಕೊಡ್ಲಿಲ್ಲೆ. ನೀನ್ ನನ್ನ ಕಾಲ್ ಮುಟ್ಟೂದಾ, ಆತಿಲ್ಲೆ ಅಂದ. ತೊಳ್ಯದಿರೆ ನೀ ನನ್ನವನಲ್ಲ ಅಂದ ದೇವ್ರ್. ಆಗಳ್ ಪೆದ್ರು ಹೇಳಿದ, ಹಾಂಗಾರೆ ಕಾಲ್ ಮಾತ್ರ ಅಲ್ಲ, ನನ್ನ ಕೈಯ್ಯೂ ತಲಿಯೂ ತೊಳಿ ಅಂದ."

ಅಮ್ಮ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು ಕುಳಿತಳು. ನನ್ನ ಕಡೆ ತಿರುಗಿ, ಪುಸ್ತಕದಲ್ಲಿ ಹಾಗೆ ಇದೆಯೇ ಎಂದು ಕೇಳಿದಳು. ಮೂರು ವಾರದಲ್ಲಿ ಅವಳು ನನ್ನೊಡನೆ ಶೆಡ್ಡಿನಲ್ಲಿ ಆಡಿದ ಮೊದಲ ಮಾತು ಅದು. ಇದೆ ಅಂದೆ.

"ಕೈಯ್ಯೂ ಅಂದ್ನಾ?"

"ಕೈಯ್ಯೂ ಅಂದ."

ಅವಳು ತುತ್ತನ್ನು ಬಾಯಿಗೆ ಹಾಕಿಕೊಂಡಳು.

*

ಗುರುವಾರ ಹನ್ನೆರಡು ಕುರ್ಚಿ ಅಂಗಳದಲ್ಲಿ ಅರ್ಧಚಂದ್ರಾಕಾರವಾಗಿ ಹಾಕಿದ್ದರು. ಮೇಲೆ ಶಾಮಿಯಾನ. ವಿಡಿಯೋದವನು ಸ್ಟ್ಯಾಂಡ್ ನಿಲ್ಲಿಸಿದ್ದ. ಹತ್ತು ಗಂಟೆಗೇ ಹನ್ನೆರಡು ಜನ ಕೆಲಸ ಬಿಟ್ಟು, ಕೈಕಾಲು ತೊಳೆದು, ಬೇರೆ ಸೀರೆ ಉಟ್ಟು ಸಿದ್ಧರಾಗಬೇಕೆಂದು ಗುಣಪಾಲ ಹೇಳಿದ್ದ. ಹನ್ನೊಂದು ಜನ ಹಾಗೆ ಮಾಡಿದರು. ಅಮ್ಮ ಕಾಲು ತೊಳೆದು, ಸೀರೆ ಬದಲಾಯಿಸಿ ಬಂದು ಮತ್ತೆ ಮೇಜಿಗೆ ಕುಳಿತಳು. ಹನ್ನೊಂದು ಹೊಡೆಯುವವರೆಗೂ ಟಕ್ ಟಕ್ ಎಂದು ಬೀಜ ಒಡೆಯುತ್ತಲೇ ಇದ್ದಳು. ನಾನು ಹೆಸರು ಕರೆಯಲು ಹೋದಾಗ ಎದ್ದಳು. ಎಣ್ಣೆಯ ಕರಟ ಪಕ್ಕದಲ್ಲೇ ಇತ್ತು, ಬೂದಿಯ ಡಬ್ಬಿಯೂ ಇತ್ತು. ಎರಡನ್ನೂ ಮುಟ್ಟದೆ ನನ್ನ ಹಿಂದೆ ಬಂದಳು. ಅಂದು ಬೆಳಿಗ್ಗೆಯೂ ಅವಳ ಬೆರಳು ಬಿದ್ದಿರಲಿಲ್ಲ. ಗೈರು ಹತ್ತಾಗಿತ್ತು.

ಗುಣಪಾಲ ಆಗ ಅಲ್ಲಿರಲಿಲ್ಲ. ಗೇಟಿನ ಹತ್ತಿರ ಸರಸಕ್ಕ ಬಂದು ನಿಂತಿದ್ದಾಳೆ ಎಂದು ವಾಚ್‌ಮನ್ ಓಡಿ ಬಂದಿದ್ದ. ಅವಳನ್ನು ಕ್ಯಾಮೆರಾಕ್ಕೆ ಬೀಳದ ಹಾಗೆ ತಡೆಯಲು ಅವನು ಹೋಗಿದ್ದ. ಹೋಗೇ ಹಡ್ಬೆ, ಇವತ್ತೇ ಬೇಕಿತ್ತಾ ನಿಂಗೆ ಅಂತ ಅವನ ದನಿ ದೂರದಿಂದ ಕೇಳುತ್ತಿತ್ತು. ಸರಸಕ್ಕನ ದನಿ ಕೇಳಲಿಲ್ಲ.

ಗಿಲ್ಬರ್ಟ್ ಸರ್ ಬಿಳಿ ಅಂಗಿ ಹಾಕಿ, ಸೊಂಟಕ್ಕೆ ಟವೆಲ್ ಸುತ್ತಿಕೊಂಡಿದ್ದರು. ಹಿತ್ತಾಳೆಯ ಬೋಗುಣಿಯನ್ನು ತಾವೇ ಹೊತ್ತು ತಂದರು. ಕಾರ್ಮಿನ್ ಬಾಯಿಯ ಎದುರು ಮೊಣಕಾಲೂರಿದರು. ತಂಬಿಗೆಯಿಂದ ನೀರು ಬಿಟ್ಟು, ಪಾದ ಒರಸಿ, ಬಾಗಿ ಮುತ್ತಿಟ್ಟರು. ಕಾರ್ಮಿನ್ ಬಾಯಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಅವಳ ಕಣ್ಣು ತುಂಬಿತು, ಅದರಲ್ಲಿ ಸುಳ್ಳಿರಲಿಲ್ಲ. ಅವರ ಕಣ್ಣಿನಲ್ಲೂ ಸುಳ್ಳಿತ್ತೆಂದು ನಾನು ಹೇಳಲಾರೆ. ಎರಡನೆಯವಳು, ಮೂರನೆಯವಳು ಹೀಗೆ ಸಾಗಿತು. ಕೆಲವರು ನಾಚಿಕೆಯಿಂದ ಮುಖಕ್ಕೆ ಸೆರಗು ಮುಚ್ಚಿಕೊಂಡರು.

ಏಳನೆಯ ಕುರ್ಚಿ ಅಮ್ಮನದು. ಅವರು ಎದುರಿಗೆ ಬಂದು ಮೊಣಕಾಲೂರುತ್ತಿದ್ದಂತೆ ಅಮ್ಮ ಎರಡೂ ಕಾಲನ್ನು ಕುರ್ಚಿಯ ಅಡಿಗೆ ಎಳೆದುಕೊಂಡಳು. ಮಡಿಲಲ್ಲಿ ಮುಚ್ಚಿಟ್ಟುಕೊಂಡಿದ್ದ ಕೈಗಳನ್ನು ಬೋಗುಣಿಯ ಮೇಲೆ ಚಾಚಿದಳು. ಮಣಿಕಟ್ಟಿನವರೆಗೆ ಕಪ್ಪು. ಬೆಳಕಿಗೆ ಸೊನೆ ಹೊಳೆಯುತ್ತಿತ್ತು.

"ಕಾಲ್ ನಾನೇ ತೊಳ್ಕಂಡ್ ಬಂದಿದೆ, ಸರ್. ಮೇಸ್ತ್ರಿ ಹೇಳಿರ್. ಕೈ ತೊಳುಕ್ ಆತ್ತಾ?"

ಗಿಲ್ಬರ್ಟ್ ಸರ್ ತಲೆಯೆತ್ತಿ ನೋಡಿದರು.

"ಪೆದ್ರೂ ಕೇಳಿದ್ನಂಬ್ರ್," ಅಂದಳು ಅಮ್ಮ.

ಅವರ ಮುಖ ಕರಗಿದ್ದನ್ನು ನಾನು ಕಂಡೆ. ಅವರು ವಿಡಿಯೋದವನ ಕಡೆ ಒಮ್ಮೆ ತಿರುಗಿ, ಮತ್ತೆ ಅಮ್ಮನ ಕಡೆ ತಿರುಗಿ, ಎರಡೂ ಕೈಗಳನ್ನು ಹಿಡಿದುಕೊಂಡರು. ನೀರು ಬಿಟ್ಟರು. ಕಪ್ಪು ಹೋಗಲಿಲ್ಲ. ತಮ್ಮ ಹೆಬ್ಬೆರಳುಗಳಿಂದ ಅವಳ ಹೆಬ್ಬೆರಳುಗಳನ್ನು ಉಜ್ಜಿದರು. ಅಂಗೈ ಉಜ್ಜಿದರು, ಬೆರಳ ಸಂದಿಗಳನ್ನು ಉಜ್ಜಿದರು. ಇನ್ನಷ್ಟು ನೀರು ಬಿಟ್ಟು, ಇನ್ನಷ್ಟು ಒತ್ತಿ ಉಜ್ಜಿದರು. ಅವರ ಅಂಗೈ ಕಂದು ಬಣ್ಣಕ್ಕೆ ತಿರುಗಿತು. ಎಷ್ಟು ಹೊತ್ತಾದರೂ ಬಿಡಲಿಲ್ಲ. ಬೋಗುಣಿಯ ನೀರಿನ ಮೇಲೆ ಬಣ್ಣಬಣ್ಣದ ಪೊರೆ ತೇಲಿತು.

ಅರವತ್ತು ಹೆಂಗಸರು ನೋಡುತ್ತಿದ್ದರು. ಅರವತ್ತು ಜನರಿಗೂ ಗೊತ್ತಿತ್ತು. ಈ ಫ್ಯಾಕ್ಟರಿಯಲ್ಲಿ ಅದು ಗೊತ್ತಿಲ್ಲದವರು ಅವರೊಬ್ಬರೇ. ಕಾರ್ಮಿನ್ ಬಾಯಿಯ ತುಟಿ ತೆರೆದುಕೊಂಡಿತು. ಅವಳು ಅಮ್ಮನನ್ನು ನೋಡಿದಳು, ಗೇಟಿನ ಕಡೆ ನೋಡಿದಳು, ತುಟಿ ಮುಚ್ಚಿಕೊಂಡಳು. ನನ್ನ ಮೇಜಿನ ಖಾನೆಯಲ್ಲಿ ತೆಂಗಿನೆಣ್ಣೆಯ ಬಾಟಲಿ ಇತ್ತು. ಹತ್ತು ಹೆಜ್ಜೆ. ನಾನು ಪ್ಯಾಡು ಹಿಡಿದು ನಿಂತೇ ಇದ್ದೆ.

ಕೊನೆಗೆ ಅವರು ಟವೆಲಿನಿಂದ ಅಮ್ಮನ ಕೈ ಒರಸಿದರು. ತಮ್ಮದನ್ನೂ ಅದರಲ್ಲೇ ಒರಸಿಕೊಂಡರು. ದನಿ ತಗ್ಗಿಸಿ, "ಥ್ಯಾಂಕ್ಯೂ ಅಮ್ಮ, ನೀವು ನನಗೆ ಕಲಿಸಿದಿರಿ," ಅಂದರು.

ಅಮ್ಮ ಕೈಗಳನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು. ಅವರು ಎಂಟನೆಯ ಕುರ್ಚಿಗೆ ಸರಿದರು. ಎಂಟನೆಯವಳು ಬೆಚ್ಚಿದಂತೆ ಕಾಲು ಹಿಂದಕ್ಕೆ ಎಳೆದುಕೊಂಡು, ನನಗೆ ಸಾಕು ಸರ್, ತೊಳೆದ ಹಾಗೇ ಆಯಿತು ಅಂದಳು. ಉಳಿದ ನಾಲ್ವರೂ ಹಾಗೇ ಅಂದರು. ಅದನ್ನು ಅವರು ವಿನಯವೆಂದು ತಿಳಿದರು.

*

ಶುಭ ಶುಕ್ರವಾರ ರಜೆ. ಅಮ್ಮ ಕೋಡಿಯ ಮನೆಯ ಹಿಂದೆ ಕುಳಿತು ಬಂಗುಡೆ ಕೊಯ್ದಳು. ನಾನು ತೆಂಗಿನಕಾಯಿ ತುರಿದೆ. ಗೊತ್ತಿದ್ದೇ ಮಾಡಿದೆಯಾ ಎಂದು ಕೇಳಬೇಕೆಂದು ಎರಡು ಸಲ ಅವಳ ಹತ್ತಿರ ಹೋದೆ. ಅವಳೂ ನನ್ನನ್ನು ಏನೋ ಕೇಳಬೇಕೆಂದಿದ್ದಳು, ಅದು ನನಗೆ ಗೊತ್ತಾಗುತ್ತಿತ್ತು. ಊಟದ ಹೊತ್ತಿಗೆ ಅವಳೇ ಕೇಳಿದಳು.

"ಕೈಯಂಗೆ ಹಾಕುಕ್ ಆತಿಲ್ಲೆ ಅಂದ್ಯಲ್ಲ ಸರಸಂಗೆ. ಹೌದಾ ಅದ್?"

ನಾನು ಅನ್ನ ಕಲಸುತ್ತಾ ಕುಳಿತೆ. ಅವಳು ಇನ್ನೊಮ್ಮೆ ಕೇಳಲಿಲ್ಲ. ನನ್ನ ತಟ್ಟೆಗೆ ಇನ್ನೊಂದು ಮೀನು ಹಾಕಿ ಎದ್ದು ಹೋದಳು.

*

ಶನಿವಾರ ಏಳೂ ಮುಕ್ಕಾಲಿಗೆ ಸಾಲು ನಿಂತಿತ್ತು. ಯಂತ್ರ ಆಫೀಸಿನ ಬಾಗಿಲ ಪಕ್ಕದ ಗೋಡೆಯಲ್ಲಿ. ನಾನು ಒಳಗೆ ಕಂಪ್ಯೂಟರ್ ತೆರೆದು ಕುಳಿತಿದ್ದೆ. ಕಿಟಕಿಯಿಂದ ಸಾಲೆಲ್ಲ ಕಾಣುತ್ತದೆ. ಗೇಟಿನ ಆಚೆ ಸರಸಕ್ಕ ಇವತ್ತೂ ಬಂದು, ಛತ್ರಿ ಹಿಡಿದು ನಿಂತಿದ್ದಳು.

ಗಿಲ್ಬರ್ಟ್ ಸರ್ ಕಾರಿನಿಂದ ಇಳಿಯುವಾಗ ಬಾಗಿಲನ್ನು ಮೊಣಕೈಯಿಂದ ತಳ್ಳಿದರು. ಎರಡೂ ಕೈಗಳನ್ನು ಎದೆಯ ಮುಂದೆ, ಯಾವುದಕ್ಕೂ ತಾಗದ ಹಾಗೆ ಹಿಡಿದಿದ್ದರು. ಬೆರಳುಗಳು ಊದಿದ್ದವು. ಅಂಗೈಯಲ್ಲಿ ಬೊಬ್ಬೆ ಒಡೆದು ಬಿಳಿ ಚರ್ಮ ಎದ್ದಿತ್ತು, ಹೆಬ್ಬೆರಳುಗಳ ಮೇಲೆ ಹಳದಿ ಮುಲಾಮು. ಡಾಕ್ಟರಿಗೆ ತೋರಿಸಿದ್ದೇನೆ, ಯಾವುದೋ ಅಲರ್ಜಿ ಅಂದರು ಎಂದು ಗುಣಪಾಲನಿಗೆ ಹೇಳುತ್ತಿದ್ದರು. ಗುಣಪಾಲ ಆ ಕೈಗಳನ್ನು ನೋಡಿದ. ಆಮೇಲೆ ತಿರುಗಿ ಸಾಲಿನಲ್ಲಿದ್ದ ಪ್ರತಿಯೊಂದು ಮುಖವನ್ನೂ ನೋಡುತ್ತಾ ಬಂದ. ಯಾವ ಮುಖದಲ್ಲೂ ಅವನಿಗೆ ಏನೂ ಸಿಗಲಿಲ್ಲ.

ಗಿಲ್ಬರ್ಟ್ ಸರ್ ಬೋರ್ಡಿನ ಕೆಳಗೆ ನಿಂತು, ಕರ್ಚೀಫಿನಿಂದ ಮುಲಾಮು ಒತ್ತಿ ತೆಗೆದು, ಹಲ್ಲು ಕಚ್ಚಿ ಹೆಬ್ಬೆರಳನ್ನು ಗಾಜಿನ ಮೇಲಿಟ್ಟರು.

"ಪ್ಲೀಸ್ ಟ್ರೈ ಎಗೇನ್."

ಇನ್ನೊಂದು ಕೈಯ ಹೆಬ್ಬೆರಳು.

"ಪ್ಲೀಸ್ ಟ್ರೈ ಎಗೇನ್."

ಆರು ಸಲ ಆಯಿತು. ಶೆಡ್ಡಿನ ಸೈರನ್ ಕೂಗಿತು. ನೀವು ಒತ್ತಿ, ನೀವು ಹೋಗಿ ಎಂದು ಅವರು ಸಾಲಿಗೆ ಕೈಸನ್ನೆ ಮಾಡಿದರು. ಸಾಲಿನ ಮೊದಲಲ್ಲಿ ಕಾರ್ಮಿನ್ ಬಾಯಿ ಇದ್ದಳು. ಅವಳು ಕೈಕಟ್ಟಿಕೊಂಡಳು.

"ಮೊದ್ಲ್ ನಿಮ್ಮದ್ ಬೀಳ್ಕ್ ಅಲ್ದಾ ಸರ್," ಅಂದಳು. "ನೀವೇ ಮಾಡಿದ್ ರೂಲ್."

"ಹ್ವಾಯ್, ನೆಗಾಡೂದ್ ಯಾರದ್," ಎಂದು ಗುಣಪಾಲ ಕೂಗಿದ. ಯಾರೂ ನಗುತ್ತಿರಲಿಲ್ಲ. ಸಾಲಿನ ಹಿಂದಿನಿಂದ ಒಬ್ಬೊಬ್ಬರಾಗಿ ನೆಲದ ಮೇಲೆ ಕುಳಿತುಕೊಳ್ಳತೊಡಗಿದರು. ಅಮ್ಮನೂ ಕುಳಿತಳು. ಅವಳಿಗೆ ಇವತ್ತು ಬೆರಳು ಬೀಳದಿದ್ದರೆ ಹನ್ನೊಂದು ಗೈರು.

ಗುಣಪಾಲ ದಡದಡ ಆಫೀಸಿನೊಳಗೆ ಬಂದ. ಕಿಟಕಿ ತೆರೆದಿದೆ ಎಂಬುದನ್ನು ಮರೆತಿದ್ದ, ಅಥವಾ ಅದು ಮುಖ್ಯವೆಂದು ಅವನಿಗೆ ಅನ್ನಿಸಿರಲಿಲ್ಲ.

"ಎಂತ ಕಾಂತಾ ಕೂಕಂಡಿದೆ? ಪಾಸ್‌ವರ್ಡ್ ಹಾಕಿ ಕೈಯಂಗೆ ಹಾಕ್ ಸರ್‌ದ್."

ಹೊರಗೆ ಎಲ್ಲ ತಲೆಗಳೂ ಕಿಟಕಿಯ ಕಡೆ ತಿರುಗಿದವು. ಗಿಲ್ಬರ್ಟ್ ಸರ್ ಬಾಗಿಲಿಗೆ ಬಂದು ನಿಂತರು. ಊದಿದ ಕೈಗಳನ್ನು ಹಾಗೇ ಮುಂದೆ ಹಿಡಿದುಕೊಂಡು, ಗುಣಪಾಲನ ಮುಖವನ್ನೂ ನನ್ನ ಮುಖವನ್ನೂ ನೋಡಿದರು. ಅವರಿಗೆ ಅದು ಹೊಸ ಸುದ್ದಿಯಾಗಿತ್ತೋ, ಗೊತ್ತಿದ್ದದ್ದು ಬಯಲಾಯಿತೆಂಬ ಗಾಬರಿಯೋ, ಎಷ್ಟು ನೋಡಿದರೂ ನನಗೆ ಬಗೆಹರಿಯಲಿಲ್ಲ. ಅಮ್ಮ ನೆಲದ ಮೇಲೆ ಕುಳಿತಲ್ಲಿಂದಲೇ ನನ್ನನ್ನು ನೋಡುತ್ತಿದ್ದಳು.

ನಾನು ಕೀಬೋರ್ಡಿನ ಮೇಲಿದ್ದ ಕೈಗಳನ್ನು ತೆಗೆದು ಮಡಿಲಲ್ಲಿಟ್ಟುಕೊಂಡೆ.

"ಈ ಮೆಷಿನಂಗೆ ಕೈಯಂಗೆ ಹಾಕುಕ್ ಆತಿಲ್ಲೆ," ಅಂದೆ. ಸಾಲಿನ ಕೊನೆಯವರಿಗೂ ಕೇಳುವಷ್ಟು ಗಟ್ಟಿಯಾಗಿ ಅಂದೆ.

ಗುಣಪಾಲ ಮೇಜಿನ ಹತ್ತಿರಕ್ಕೆ ಬಂದ. ಅವನಿಗೂ ಪಾಸ್‌ವರ್ಡ್ ಗೊತ್ತಿತ್ತು. ಬಗ್ಗಿ ಒತ್ತಿದರೆ ಮುಗಿಯುತ್ತಿತ್ತು. ಅರವತ್ತು ಜನರ ಎದುರು ಅವನ ಕೈ ಕೀಬೋರ್ಡಿನವರೆಗೆ ಬಂದು ನಿಂತಿತು.

ಗಿಲ್ಬರ್ಟ್ ಸರ್ ತಿರುಗಿ ಗೋಡೆಯ ಹತ್ತಿರ ಹೋದರು. ಗೇಟಿನ ಆಚೆ ಸರಸಕ್ಕ ಛತ್ರಿ ಮಡಚಿದಳು. ಅವರು ಹೆಬ್ಬೆರಳನ್ನು ಅಂಗಿಗೆ ಒರಸಿ, ಬಾಯಿಂದ ಊದಿ, ಗಾಜಿನ ಮೇಲಿಟ್ಟು ಕಾದರು.